ನಾಲ್ಕನೇ ನಂಬರಿನ ಹುಣಸೆಮರ

ಸಂಕ್ರಾಂತಿ ಕಳೆದ ಎರಡನೇ ಭಾನುವಾರ ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷಕ್ಕೆ ನಾನು ಪಾಲಾರ್ ಹೊಳೆಯ ನಡುವೆ ಒಂದು ಚಪ್ಪಟೆ ಬಂಡೆಯ ಮೇಲೆ ನಿಂತಿದ್ದೆ. ಬೇತಮಂಗಲ ಕೆರೆಯ ಕೋಡಿಯಿಂದ ಹೊಳೆಗುಂಟ ಕೆಳಕ್ಕೆ ಸುಮಾರು ಒಂದು ಮೈಲಿ ನಡೆದರೆ ಆ ಬಂಡೆ ಸಿಗುತ್ತದೆ. ಬೆನ್ನಿಗೆ ಬಿಸಿಲು, ಮುಖ ಪಡುವಣ ದಡಕ್ಕೆ. ಬಂಡೆಯಿಂದ ಆ ದಡದ ಹುಣಸೆಮರದ ಬುಡಕ್ಕೆ ಎಪ್ಪತ್ತೆರಡು ಹೆಜ್ಜೆ; ಆಮೇಲೆ ಒಂದು ದಿನ ಹೋಗಿ ಎಣಿಸಿದ್ದೇನೆ. ಮಂಜು ಆಗಲೇ ಹರಿದಿತ್ತು. ಸರಿಯಾಗಿ ಕಾಣಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ನನ್ನ ಎಡಕ್ಕೆ ಅದೇ ಬಂಡೆಯ ಮೇಲೆ ಉರಿಗಾಂನ ಹಿರಿಯರೊಬ್ಬರು ದುರ್ಬೀನು ಹಿಡಿದು ಕೂತಿದ್ದರು. ಹುಣಸೆಮರದ ಮೇಲಿನ ಕೊಕ್ಕರೆ ಗೂಡುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದರು. ಅವರು ಒಂಬತ್ತು ಎನ್ನುವಾಗ ಮರದ ಹಿಂದೆ ಮಿಷನ್ ಗರಗಸ ಶುರುವಾಯಿತು. ನನಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ. ಹತ್ತು ಎಂದರು, ಹನ್ನೊಂದು ಎಂದರು.

ಮುಂದಿನದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ಇನ್ನೊಬ್ಬರಿಂದ ಕೇಳಿದ್ದು ಬಂದ ಕಡೆ ಕೇಳಿದ್ದೆಂದು ಹೇಳುತ್ತೇನೆ.

ಆ ಹಿರಿಯರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಎನ್ನುತ್ತಿದ್ದರು. ಚಿನ್ನದ ಗಣಿ ಮುಚ್ಚುವವರೆಗೆ ಅವರು ಮೈಸೂರು ಮೈನ್ಸಿನಲ್ಲಿ ನೆಲದಡಿ ಕೆಲಸ ಮಾಡಿದವರು. ಸುರಂಗದ ಚಾವಣಿ ಕುಸಿಯದಂತೆ ಮರದ ದಿಮ್ಮಿಗಳನ್ನು ಆಸರೆಗೆ ನಿಲ್ಲಿಸುವುದು ಅವರ ಪಾಲಿನ ಕೆಲಸ. ಬಂಡೆ ಕೊರೆಯುವ ಯಂತ್ರದ ಪಕ್ಕದಲ್ಲೇ ವರ್ಷಗಟ್ಟಲೆ ನಿಂತು ಕಿವಿ ಹೋಗಿತ್ತು. ಆ ಸದ್ದಿನಲ್ಲಿ ಕೂಗಿದರೂ ಕೇಳದಾದ್ದರಿಂದ ಅಲ್ಲಿ ಎಲ್ಲರೂ ಎದುರಿನವನ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರಂತೆ. ಎದುರುಬದುರು ಕೂತು ಮಾತಾಡಿದರೆ ಅವರು ಕಿವುಡರೆಂದು ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. ಕಣ್ಣಂತೂ ಹದ್ದಿನ ಕಣ್ಣು.

ನಾನು ವಾರದಲ್ಲಿ ಆರು ದಿನ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿನ ಆಫೀಸಿಗೆ ಹೋಗಿ ಬರುವವನು. ಹುಟ್ಟಿದ್ದು ಬಂಗಾರಪೇಟೆ ಕಡೆಯ ಹಳ್ಳಿಯಲ್ಲಿ, ಸಂಸಾರ ಉರಿಗಾಂನ ಬಾಡಿಗೆ ಮನೆಯಲ್ಲಿ. ಒಂದು ಬೆಳಗಿನ ಜಾವ ಪ್ಲಾಟ್‌ಫಾರಂನಲ್ಲಿ ಅವರು ಹಳೆಯ ಗೋಡೆಯ ಬಿರುಕಿನಲ್ಲಿ ಕೂತಿದ್ದ ಪುಟ್ಟ ಗೂಬೆಯನ್ನು ಬೆರಳು ಮಾಡಿ ತೋರಿಸಿದರು. ರೈಲು ಬಂದು ಹೋಯಿತು. ನಾನು ಅದಕ್ಕೆ ಹತ್ತಲಿಲ್ಲ. ಪರಿಚಯ ಹೀಗಾಯಿತು. ಆ ವರ್ಷದಿಂದ ಚಳಿಗಾಲದ ಪ್ರತಿ ಭಾನುವಾರ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೊಳೆಗೆ ಹೋಗುತ್ತಿದ್ದೆವು. ಪೊದೆಯೊಳಗೆ ಕೂಗುವ ಹಕ್ಕಿಯ ದಿಕ್ಕನ್ನು ನಾನು ಹೇಳುತ್ತಿದ್ದೆ; ಎಲೆಗಳ ಸಂದಿಯಲ್ಲಿ ಅದರ ಕಣ್ಣನ್ನು ಅವರು ಹುಡುಕಿ ಕೊಡುತ್ತಿದ್ದರು. ಹೆಸರು, ಹೊತ್ತು, ಎಷ್ಟು ಎಂಬುದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ.

ನನ್ನ ಚಿಕ್ಕಂದಿನಲ್ಲಿ ಆ ಹೊಳೆಯಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಲಾರಿಗಳು ಹೊಳೆಯ ಒಳಗೇ ಓಡಾಡುತ್ತಿದ್ದವು. ಕೆರೆ ಕೋಡಿ ಬಿದ್ದ ಮೇಲೆ ನೀರು ನಿಂತಿತು, ಹಕ್ಕಿ ಬಂದವು. ನೀಲಗಿರಿ ತೋಪು ದಾಟಿ ಹೊಂಗೆ ಮತ್ತು ಜಾಲಿಯ ಕಾಡಿಗೆ ಇಳಿದರೆ ಬಾಲ ಕುಣಿಸುವ ಕುಂಡೆಕುಸ್ಕಗಳು, ಕೆಸರಿನ ಅಂಚಿನಲ್ಲಿ ಗದ್ದೆಗೊರವಗಳು, ನಡುನೀರಿನಲ್ಲಿ ಸೂಜಿಬಾಲದ ಬಾತುಗಳು. ಡಿಸೆಂಬರಿನ ಚಳಿಗೆ ಅಣ್ಣನ ಕೆಮ್ಮು ಜಾಸ್ತಿಯಾಗುತ್ತಿತ್ತು. ಅವರು ಕೆಮ್ಮಿದರೆ ಬಾತುಗಳು ಹಾರಿಹೋಗುತ್ತಿದ್ದವು. ಆಗ ಅವರು ಬಾತುಗಳನ್ನೇ ತಮಿಳಿನಲ್ಲಿ ಬೈಯುತ್ತಿದ್ದರು.

ಕೋಡಿ ಬಿದ್ದ ಮರುವರ್ಷ ಪಡುವಣ ದಡದ ಐದು ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದವು. ನಾಲ್ಕು ಮರ ಹೊಂಗೆ ಮತ್ತು ಕರಿಜಾಲಿ. ಇನ್ನೊಂದು ಹುಣಸೆ, ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ಗೂಡು ಅದರಲ್ಲೇ.

ಆ ಹುಣಸೆ ಒಬ್ಬ ಹೆಣ್ಣುಮಗಳದು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಹೋಗಿದ್ದ. ಎರಡು ಹಸು ಸಾಕಿದ್ದಳು, ಕೂಲಿಗೂ ಹೋಗುತ್ತಿದ್ದಳು. ಮರವನ್ನು ನೆಟ್ಟವನು ಅವಳ ಮಾವ. ಮನೆ ಭಾಗವಾದಾಗ ಹೊಲದಲ್ಲಿ ಹೆಚ್ಚಿನ ಪಾಲು ಮೈದುನನಿಗೆ ಹೋಯಿತು, ಮರ ಇವಳ ಗಂಡನಿಗೆ ಬಂತು. ಆದರೆ ಮರವಿದ್ದದ್ದು ಹೊಳೆದಂಡೆಯ ಖರಾಬು ಜಾಗದಲ್ಲಿ. ಕಾಗದದಲ್ಲಿ ಅದು ಸರ್ಕಾರದ್ದು. ಊರು ಅದನ್ನು ಅವಳದೆಂದು ಒಪ್ಪಿತ್ತು, ಅಷ್ಟೇ ಅವಳ ಹಕ್ಕು. ಮಾಘ ಮುಗಿಯುತ್ತಿದ್ದಂತೆ ಹಣ್ಣು ಉದುರಿಸಿ, ಓಡು ಬಿಡಿಸಿ, ನಾರು ಬೀಜ ತೆಗೆದು ಮಾರಿದರೆ ಅವಳ ವರ್ಷದ ಹೆಚ್ಚುಕಡಿಮೆ ಅರ್ಧ ದಾಟುತ್ತಿತ್ತು.

ಕೊಕ್ಕರೆ ಬಂದ ವರ್ಷ ಅವಳನ್ನು ಕೇಳಿದೆ: “ವಾಸನೆಗೆ ಬೇಜಾರಾಗಲ್ವಾ ಅಕ್ಕ?”

“ಗಬ್ಬು ನಾತ ಸ್ವಾಮಿ. ತಲೆ ಮ್ಯಾಲೆ ಇಕ್ಕೆ ಆಕ್ತವೆ. ಆದ್ರೂ ನನ್ ಮೈದುನನ್ ಬಾಯಿಗಿಂತ ಇವುಗಳ ಇಕ್ಕೆನೇ ವಾಸಿ.” ಅಣ್ಣ ಅವಳ ತುಟಿ ನೋಡುತ್ತಿದ್ದರು, ನನಗಿಂತ ಮೊದಲು ನಕ್ಕವರು ಅವರೇ. ಹೊರಡುವಾಗ ಅವರ ಕೈಗೆ ಒಂದು ಹಿಡಿ ಹುಣಸೆಕಾಯಿ ತುರುಕಿದಳು. “ತಗೋ ತಾತ, ಮನ್ಯಾಗೆ ಗೊಜ್ಜು ಮಾಡ್ಸು.”

ಎರಡನೇ ಚಳಿಗಾಲದಲ್ಲಿ ನಮ್ಮಿಬ್ಬರಿಗೆ ಲೆಕ್ಕದ ಜಗಳ ಹತ್ತಿತು. ಈ ವಾರ ಎರಡನೇ ಮರದಲ್ಲಿ ಆರು ಗೂಡು ಎಂದು ನಾನು ಬರೆದರೆ ಮುಂದಿನ ವಾರ ಅವರು ಒಂಬತ್ತು ಎನ್ನುವರು. ಅವರು ಕೋಡಿ ಕಡೆಯಿಂದ ಎಣಿಸುತ್ತಿದ್ದರು, ನಾನು ಊರಿನ ಕಡೆಯಿಂದ. ಹಾಗಾಗಿ ನಮ್ಮ ಮೂರನೇ ಮರ ಒಂದೇ ಆಗಿದ್ದರೂ ಉಳಿದ ನಾಲ್ಕು ಅದಲುಬದಲಾಗುತ್ತಿದ್ದವು, ಆಮೇಲೆ ಮೂರನೆಯದರ ಮೇಲೂ ನಂಬಿಕೆ ಹೋಯಿತು. ಪುಟ ಪುಟವೇ ಹೊಡೆದು ಹಾಕಿದೆ. ಸರಿಯಾಗಿಲ್ಲದ ಲೆಕ್ಕ ಯಾಕೆ ಬೇಕು ಎಂದು ರೇಗಿದೆ.

“ಕೋಪ ಯಾಕೆ ತಂಬಿ,” ಎಂದರು ಅಣ್ಣ. “ಕೆಳಗೆ ನಾವು ನಿಲ್ಸಿದ್ ಪ್ರತಿ ಮರಕ್ಕೂ ಬಿಳೀ ಪೇಂಟಲ್ಲಿ ನಂಬರ್ ಹಾಕ್ತಿದ್ವಿ. ನಂಬರ್ ಇಲ್ದೆ ಇರೋ ಮರದಡಿ ನಾನು ಊಟಕ್ಕೂ ಕೂತವನಲ್ಲ. ಇಲ್ಲೂ ಹಾಕೋಣ. ಮುಗೀತು.”

ಮುಂದಿನ ಭಾನುವಾರ ಅರ್ಧ ಡಬ್ಬ ಬಿಳಿ ಬಣ್ಣ, ಒಂದು ಕುಂಚ ತಂದರು. ಸಂಕ್ರಾಂತಿಗೆ ಮೊದಲಿನ ಭಾನುವಾರ ಅದು. ಒಂದು, ಎರಡು, ಮೂರು, ಐದು, ಇವನ್ನು ಅವರು ಬರೆದರು. ಹೊಳೆಯಿಂದ ಓದಲು ಬರುವಂತೆ ಗೇಣುದ್ದದ ಅಂಕಿಗಳು. ಹುಣಸೆ ನಾಲ್ಕನೆಯದು. ಅದರ ಬುಡಕ್ಕೆ ದಡ ಕಡಿದಾಗಿತ್ತು, ಅವರ ಮೊಣಕಾಲು ಹತ್ತಲಿಲ್ಲ. ಕುಂಚ ನನ್ನ ಕೈಗೆ ಕೊಟ್ಟು ಕೆಳಗೆ ನಿಂತರು. ನಾಲ್ಕನ್ನು ನಾನು ಬರೆದೆ.

“ಚೆನ್ನಾಗ್ ಬರ್ದಿದೀಯ,” ಎಂದರು. “ಮೈನ್ಸಲ್ಲಿ ಸೇರಿಸ್ಕೊಳ್ತಿದ್ರು ನಿನ್ನ.”

ನಮ್ಮ ಕಡೆ ಮರದ ಬೊಡ್ಡೆಗೆ ಬಿಳಿ ನಂಬರು ಬಿದ್ದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ಹೊಸ ಹೆದ್ದಾರಿಗೆ ಜಮೀನು ಹೋದಾಗ ಮೇಲಿನ ಊರುಗಳ ಮಾವು, ಹುಣಸೆ, ಹೊಂಗೆಗಳಿಗೆಲ್ಲ ಹೀಗೇ ನಂಬರು ಬರೆದಿದ್ದರು. ತಿಂಗಳೊಳಗೆ ಎಲ್ಲವೂ ಉರುಳಿದವು. ಪಟ್ಟಾ ಜಮೀನಿನ ಮರಗಳವರಿಗೆ ಪರಿಹಾರ ಬಂತು. ಖರಾಬಿನಲ್ಲಿದ್ದ ಮರಗಳನ್ನು ತಲೆಮಾರುಗಳಿಂದ ಉದುರಿಸಿಕೊಂಡು ಬಂದವರಿಗೆ ಸೌದೆಯೂ ಸಿಗಲಿಲ್ಲ. ನಾನು ಹಳ್ಳಿಯಲ್ಲಿ ಹುಟ್ಟಿದವನು. ಆ ನಂಬರಿನ ಮರಗಳ ಪಕ್ಕದಲ್ಲೇ ಸ್ಕೂಟರಿನಲ್ಲಿ ಹೋಗಿ ಬಂದವನು. ಕುಂಚ ಹಿಡಿದಿದ್ದಾಗ ನನಗದು ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಗೂಡುಗಳ ಲೆಕ್ಕವಿತ್ತು.

ಈಗ ಆ ಬೆಳಿಗ್ಗೆಗೆ ಬರುತ್ತೇನೆ.

ಗರಗಸ ಮೊದಲು ಕೊಯ್ದದ್ದು ನೀರಿನ ಮೇಲೆ ಚಾಚಿದ್ದ ಒಂದು ಕೊಂಬೆಯನ್ನು. ಅದರಲ್ಲಿ ಎರಡು ಗೂಡುಗಳಿದ್ದವು. ಕೊಂಬೆ ಬಾಗಿದಾಗ ಅಣ್ಣನ ಎಣಿಕೆ ನಿಂತಿತು. ಅವರು ದುರ್ಬೀನು ಇಳಿಸಿ ನನ್ನ ಮುಖ ನೋಡಿದರು. ಕೊಂಬೆ ನೀರಿಗೆ ಬಿತ್ತು. ಮರದ ಮೇಲಿನ ದೊಡ್ಡ ಕೊಕ್ಕರೆಗಳೆಲ್ಲ ಒಮ್ಮೆಗೇ ಎದ್ದವು. ಆ ಹಕ್ಕಿ ಕೂಗುವುದಿಲ್ಲ, ರೆಕ್ಕೆಯ ಸದ್ದಷ್ಟೇ. ಬಿದ್ದ ಕೊಂಬೆಯ ಮರಿಗಳು ಮೂರು ವಾರದವಿರಬೇಕು, ಬಿಳಿ ತುಪ್ಪಳದವು. ಎರಡು ನೀರಿನಲ್ಲಿ ತೇಲಿಕೊಂಡು ಬಂಡೆಯ ಪಕ್ಕದಿಂದಲೇ ಹೋದವು. ಒಂದರ ಕತ್ತು ಇನ್ನೂ ಮೇಲಿತ್ತು. ಕೈಚಾಚಿದೆ, ಸಿಗಲಿಲ್ಲ.

ನಾನು ನೀರಿಗಿಳಿದು ದಡಕ್ಕೆ ಹೋದೆ. ಅಣ್ಣ ಬಂಡೆಯ ಮೇಲೇ ಉಳಿದರು.

ಮರದ ಹತ್ತಿರ ನಾಲ್ಕು ಜನರಿದ್ದರು: ಅಕ್ಕನ ಮೈದುನ, ಗರಗಸದವನು, ಟ್ರ್ಯಾಕ್ಟರಿನ ಜೊತೆ ಬಂದ ಇಬ್ಬರು ಕೂಲಿಯವರು. ಕೂಲಿಯವರು ತೆಲುಗಿನವರು. ಗರಗಸದವನು ನನ್ನ ಕೊರಳಿನಲ್ಲಿದ್ದ ಇನ್ನೊಂದು ದುರ್ಬೀನು ನೋಡಿ ಮಿಷನ್ ಆರಿಸಿದ. “ಏನ್ ಸಾ, ಫೋಟೋನಾ? ನಿಂತ್ಕಂತೀನಿ ತಡೀರಿ,” ಎಂದು ಕೂದಲು ಸರಿಮಾಡಿಕೊಂಡ.

ಅಷ್ಟರಲ್ಲಿ ಅಕ್ಕ ಓಡಿಬಂದಳು. ಡೈರಿಗೆ ಹಾಲು ಹಾಕಲು ಹೋಗಿದ್ದಳು, ಖಾಲಿ ಕ್ಯಾನು ಕೈಯಲ್ಲೇ ಇತ್ತು. ಅವಳು ಡೈರಿಗೆ ಹೋಗುವ ಹೊತ್ತು ನೋಡಿಯೇ ಮೈದುನ ಮಿಷನ್ ಕರೆಸಿದ್ದನಂತೆ. ಕ್ಯಾನನ್ನು ಬಿಸಾಕಿ ಬೊಡ್ಡೆಯನ್ನು ತಬ್ಬಿಕೊಂಡು ನಿಂತಳು.

“ಕಾಯಿ ಅಣ್ಣಾಗಾಕೆ ಇನ್ನೊಂದು ತಿಂಗ್ಳೈತೆ ಕಣೋ! ಒಂದು ತಿಂಗ್ಳು ತಡ್ಕಣಾಕಾಗ್ಲಿಲ್ವಾ ನಿಂಗೆ?”

“ನಂಬ್ರ ಬಿದ್ದೈತಲ್ಲ ಅತ್ಗೆ, ಕಣ್ ಕಾಣ್ಸಾಕಿಲ್ವಾ?” ಎಂದ ಮೈದುನ. “ಇನ್ನೆಲ್ಲಿ ತಿಂಗ್ಳು? ಎದ್ದಾರಿ ಮರುಗ್ಳಿಗೆ ಏನಾಯ್ತು, ನೋಡ್ಲಿಲ್ವಾ? ಖರಾಬು ಅಂದ್ರು, ಏರ್ಕಂಡ್ ಓದ್ರು. ಅವರು ಕುಯ್ಯಾಕ್ ಮುಂಚೆ ನಾವೇ ಕುಯ್ದ್ರೆ ಇಟ್ಟಿಗೆ ಗೂಡ್ನೋರಾದ್ರೂ ತಗಂತಾರೆ. ನಿಂಗೂ ಪಾಲ್ ಕೊಡ್ತೀನಿ.”

“ಯಾರ್ ಬರ್ದ್ರು ನಂಬ್ರ? ಯಾವಾಗ್ ಬಂದಿದ್ರು? ಊರ್ನಾಗೆ ಒಬ್ರೂ ನೋಡಿಲ್ಲ.”

“ಸರ್ಕಾರ್ದೋರು ನಿನ್ನ ಕೇಳ್ಕಂಡ್ ಬತ್ತಾರಾ?”

“ಸರ್ಕಾರ್ದೋರು ಅಲ್ಲ ಅಂದ್ರೆ?”

ಮೈದುನ ಬೊಡ್ಡೆಯ ನಂಬರಿನ ಕಡೆ ನೋಡಿದ. ಅವನು ಹೇಳಿದ ಮಾತನ್ನು ಅಕ್ಷರ ತಪ್ಪದಂತೆ ಬರೆಯುತ್ತೇನೆ. “ಅಲ್ಲ ಅಂತ ಯಾರಾನಾ ಬಂದು ಏಳ್ಲಿ. ಈಗ್ಲೇ ಮಿಷನ್ ವಾಪಸ್ ಕಳಿಸ್ತೀನಿ. ನಂಗೇನು, ನಮ್ಮಪ್ಪ ನೆಟ್ಟಿದ್ ಮರ ಕುಯ್ಯಾಕೆ ಆಸೆನಾ?”

ಅವಳು ತಿರುಗಿ ನನ್ನನ್ನು ನೋಡಿದಳು. ಮರಕ್ಕೂ ನನಗೂ ನಡುವೆ ಆಗ ಐದು ಹೆಜ್ಜೆ; ಹೊಳೆ ನನ್ನ ಪಕ್ಕಕ್ಕಿತ್ತು. ಅವಳ ಭುಜದ ಪಕ್ಕದಲ್ಲಿ ನಾನು ಬರೆದ ನಾಲ್ಕು.

“ಸ್ವಾಮಿ, ನೀವು ವಾರ ವಾರ ಬತ್ತೀರ. ಕೂತ್ಕಂಡು ಇದನ್ನೇ ನೋಡ್ತಿರ್ತೀರ. ಈ ನಂಬ್ರ ಬರ್ದೋನು ಯಾರು ಅಂತ ನೋಡಿದ್ರಾ? ಒಂದ್ ಮಾತು ಏಳಿ ಸ್ವಾಮಿ.”

ನಾನು ಹೇಳಿದ್ದು ಎರಡು ಮಾತು. “ನೋಡಿಲ್ಲ ಅಕ್ಕ.”

ಯಾಕೆ ಹೇಳಿದೆ ಎಂದು ಅನೇಕ ಸಲ ಕೇಳಿಕೊಂಡಿದ್ದೇನೆ. ಸರ್ಕಾರಿ ಮರಕ್ಕೆ ಬಣ್ಣ ಬಳಿದವನೆಂದು ಕೇಸಾದೀತು, ಆಫೀಸಿಗೆ ತಿಳಿದೀತು ಎಂಬುದೆಲ್ಲ ಯೋಚನೆಗೆ ಬಂದದ್ದು ಆಮೇಲೆ. ಬಾಯಿ ಅದಕ್ಕೆ ಮೊದಲೇ ಹೇಳಿಯಾಗಿತ್ತು. ಹೇಳಿದ ಮೇಲೆ ತಿದ್ದಲು ಹೊತ್ತಿತ್ತು. ಕೂಲಿಯವರಿಬ್ಬರು ಅವಳ ತೋಳು ಹಿಡಿದು ಮರದಿಂದ ಬಿಡಿಸುವುದಕ್ಕೆ ಒಂದು ನಿಮಿಷವಾದರೂ ಹಿಡಿಯಿತು. ಆ ನಿಮಿಷದಲ್ಲಿ ನಾನು ತಲೆ ತಿರುಗಿಸಿ ಹೊಳೆಯ ಕಡೆ ನೋಡಿದೆ. ಬಂಡೆಯ ಮೇಲೆ ಅಣ್ಣ ಎದ್ದು ನಿಂತಿದ್ದರು. ದುರ್ಬೀನು ಕಣ್ಣಿಗಿತ್ತು. ಕೊಕ್ಕರೆಗಳೆಲ್ಲ ಮೇಲೆ ಆಕಾಶದಲ್ಲಿದ್ದವು. ಅವರ ದುರ್ಬೀನು ನನ್ನ ಮುಖಕ್ಕೆ ನೇರವಾಗಿತ್ತು.

ಬೊಡ್ಡೆ ಕೊಯ್ಯಲು ಇಪ್ಪತ್ತು ನಿಮಿಷ ಬೇಕಾಯಿತು. ಹಳೆಯ ಹುಣಸೆ, ಎರಡು ಸಲ ಗರಗಸದ ಸರಪಳಿ ಕಚ್ಚಿಕೊಂಡಿತು. ಮರ ಊರಿನ ಕಡೆಗೆ ಬಿತ್ತು. ಬಿದ್ದ ಮೇಲೆ ಒಳಗಿನಿಂದ ಮರಿಗಳ ಗೊರಗೊರ ಸದ್ದು ಕೇಳತೊಡಗಿತು. ಹೆದರಿದ ಮರಿ ನುಂಗಿದ್ದನ್ನು ಕಕ್ಕುತ್ತದೆ. ಎಲೆಗಳ ಮೇಲೆ, ಮುರಿದ ಕಾಯಿಗಳ ಮೇಲೆ ಸಣ್ಣ ಮೀನುಗಳು ಬಿದ್ದಿದ್ದವು, ಒಂದೆರಡು ಮಿಸುಕುತ್ತಿದ್ದವು. ಕೂಲಿಯವನೊಬ್ಬ ಮೀನು ಆರಿಸಿ ಟವೆಲಿಗೆ ಹಾಕಿಕೊಂಡ. ಇನ್ನೊಬ್ಬ ಗೋಣಿಚೀಲದ ಬಾಯಿ ಬಿಡಿಸಿ ಬದುಕಿದ್ದ ಮರಿಗಳನ್ನು ಕಾಲು ಹಿಡಿದು ಅದರೊಳಕ್ಕೆ ಹಾಕಿದ. “ಪಟ್ಟುಕೋರಾ, ಪೋತೋಂದಿ!”, ಹಿಡಿಯೋ, ತಪ್ಪಿಸಿಕೊಳ್ತಿದೆ ಎಂದು ಒಬ್ಬರಿಗೊಬ್ಬರು ಕೂಗಿಕೊಂಡು ನಗುತ್ತಿದ್ದರು.

ಒಂದು ಮರಿ ತಾನಾಗಿ ಕೊಂಬೆಗಳಿಂದ ಹೊರಗೆ ಬಂತು. ಒಂದು ರೆಕ್ಕೆ ಎಳೆದುಕೊಂಡು ಗರಗಸದವನ ಬೂಟಿನ ಹತ್ತಿರ ಹೋಗಿ ನಿಂತು, ಕತ್ತು ಮೇಲೆ ಕೆಳಗೆ ಆಡಿಸುತ್ತಾ ಬಾಯಿ ತೆರೆಯಿತು. ತಾಯಿ ಬಂದಾಗ ತುತ್ತಿಗಾಗಿ ಅವು ಹಾಗೆ ಮಾಡುತ್ತವೆ.

“ಲೇ, ನನ್ನೇ ಅವ್ವ ಅನ್ಕಂಡೈತೆ ಕಣ್ಲಾ ಇದು,” ಎಂದು ಅವನು ನಕ್ಕ. ನಂತರ ಕಾಲಿನಿಂದ ಅದನ್ನು ಚೀಲದ ಕಡೆಗೆ ಸರಿಸಿದ. ತುಂಡಾದ ಬೊಡ್ಡೆಯ ಮೇಲಿನ ನಂಬರನ್ನು ಅಂಗೈಯಿಂದ ತಟ್ಟಿ, “ನಾಲ್ಕು ಆಯ್ತು. ಉಳಿದಿದ್ದು ಯಾವಾಗ ಗೌಡ್ರೇ?” ಎಂದು ಮೈದುನನ್ನು ಕೇಳಿದ.

ಅಕ್ಕ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಕೈಗೆಟುಕಿದ ಕಾಯಿಗಳನ್ನು ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅರೆಬಲಿತ ಕಾಯಿ, ಯಾವುದಕ್ಕೂ ಬಾರದ್ದು.

ದೊಡ್ಡ ಕೊಕ್ಕರೆಗಳು ಹೋಗಲಿಲ್ಲ. ಸುತ್ತು ಹಾಕಿ ಹಾಕಿ ಇಳಿದುಬಂದು, ಮರದ ತುದಿ ಇದ್ದ ಎತ್ತರದಲ್ಲೇ ಕಾಲು ಕೆಳಗೆ ಬಿಟ್ಟು ರೆಕ್ಕೆ ಬಡಿಯುತ್ತಿದ್ದವು. ಕೂರಲು ಏನೂ ಸಿಗದೆ ಮತ್ತೆ ಮೇಲೇರುತ್ತಿದ್ದವು. ನಾನು ಹೊರಟಾಗ ಒಂಬತ್ತು ಗಂಟೆ ಹತ್ತು ನಿಮಿಷ. ಆಗಲೂ ಹಾಗೇ ಮಾಡುತ್ತಿದ್ದವು.

ಹಿಂದಿರುಗುವಾಗ ಸ್ಕೂಟರಿನಲ್ಲಿ ಅಣ್ಣ ಏನೂ ಕೇಳಲಿಲ್ಲ. ಪ್ರತಿ ವಾರ ಇಳಿಯುವಾಗ “ಎಷ್ಟು ಬರ್ದೆ ತಂಬಿ?” ಎಂದು ನೋಟ್‌ಬುಕ್ ನೋಡುತ್ತಿದ್ದವರು ಅಂದು ಕೈ ಚಾಚಲಿಲ್ಲ. ಹಿಂದೆ ಕೂತವರಿಗೆ ನನ್ನ ತುಟಿ ಕಾಣುವುದಿಲ್ಲವೆಂದು ನಾನೂ ಸುಮ್ಮನಿದ್ದೆ.

ಮುಂದಿನ ಭಾನುವಾರ ಅವರು ನಮ್ಮ ಬೀದಿಯ ತುದಿಗೆ ಬಂದಿರಲಿಲ್ಲ. ಒಬ್ಬನೇ ಹೊಳೆಗೆ ಹೋದೆ. ಉಳಿದ ನಾಲ್ಕು ಮರಗಳ ನಂಬರುಗಳನ್ನು ಯಾರೋ ಉಜ್ಜಿ ತೆಗೆದಿದ್ದರು. ತೊಗಟೆ ಕಿತ್ತುಬರುವಷ್ಟು ಉಜ್ಜಿದ್ದರು, ಬೊಡ್ಡೆಗಳು ಇನ್ನೂ ಸೀಮೆಎಣ್ಣೆ ನಾರುತ್ತಿದ್ದವು. ಅಕ್ಕ ಹಸು ಹೊಡೆದುಕೊಂಡು ಬಂದಳು. ಇನ್ನು ಮುಂದಿನದು ಅವಳಿಂದ ಕೇಳಿದ್ದು.

“ನಿಮ್ ಜತೆ ಬತ್ತಿದ್ನಲ್ಲ ಸ್ವಾಮಿ, ಆ ಕಿವುಡ್ ಮುದ್ಕ, ಬುಧವಾರ ಬಸ್ನಾಗೆ ಬಂದಿದ್ದ. ಮನೆ ಬಾಗ್ಲಿಗೇ ಬಂದ. ನಂಬ್ರ ಬರ್ದೋನು ನಾನೇ ಅಮ್ಮ, ಐದೂ ನಾನೇ ಅಂದ. ಕೊಕ್ಕರೆ ಎಣ್ಸಾಕಂತೆ! ನನ್ ಮೈದುನ ಜನ ಎಲ್ಲಾ ನೋಡ್ತಿರಂಗೆ ಕಪಾಳಕ್ಕೆ ಒಡ್ದ. ಎರಡೇಟು. ನಾನು ತಡೀಲಿಲ್ಲ.” ಹೊಲದ ಕಡೆ ತಿರುಗಿದ ಹಸುವನ್ನು ಅಡ್ಡಗಟ್ಟಿ ಮತ್ತೆ ಹೇಳಿದಳು. “ಒಡ್ಯೋವಾಗ್ಲೂ ಎಲ್ರ ಬಾಯ್ನೇ ನೋಡ್ತಿದ್ದ ಸ್ವಾಮಿ, ಯಾರ್ ಏನಂತಾರೆ ಅಂತ. ಆಮ್ಯಾಲೆ ಉಳಿದ ನಂಬ್ರ ಸೀಮೆಣ್ಣೆ ಆಕಿ ಉಜ್ಜಿ ಓದ. ನನ್ ಮರದ್ ಕಾಯಿ ತಿಂದ ಅವನ್ ನಾಲ್ಗೆ ಬಿದ್ದೋಗ. ನಿಮ್ಗೂ ಗೊತ್ತಾಗ್ದಂಗೆ ಬರ್ದವ್ನಲ್ಲ, ಎಂಥ ಕಳ್ಳ ನೋಡಿ.”

ನಾನು “ಹೌದಾ ಅಕ್ಕ” ಎಂದೆ.

ಅಂದು ಸಂಜೆ ಗಣಿ ಕೆಲಸದವರ ಸಾಲಿನಲ್ಲಿದ್ದ ಅಣ್ಣನ ಲೈನ್ ಮನೆಗೆ ಹೋದೆ. ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಎಡಗೆನ್ನೆ ಇನ್ನೂ ಊದಿತ್ತು. ಒಳಗೆ ಕೂಗಿ ನನಗೆ ಟೀ ತರಿಸಿದರು. ನಾನು ಎದುರು ಕೂತು ಮಾತು ಶುರುಮಾಡಿದೆ: “ಅಣ್ಣಾ, ನಾಲ್ಕು ಬರ್ದಿದ್ದು ನಾನು. ಅವತ್ತು ನಾನು—”

ಅವರು ಕಣ್ಣು ಕೆಳಗೆ ಮಾಡಿ ಲೋಟದೊಳಗೆ ನೋಡತೊಡಗಿದರು. ನಾನು ನಿಲ್ಲಿಸಿದೆ. ಅವರು ತಲೆ ಎತ್ತಿದರು. ನಾನು ಮತ್ತೆ ಬಾಯಿ ತೆರೆದೆ. ಅವರು ಮತ್ತೆ ಲೋಟ ನೋಡಿದರು. ಹೀಗೆ ಮೂರು ಸಲವಾಯಿತು. ಮೂರನೆಯ ಸಲ ನಾನು ಮಾತು ಪೂರ್ತಿ ಮುಗಿಸಿದೆ, ಜೋರಾಗಿಯೇ ಹೇಳಿದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಅಣ್ಣ ಲೋಟದಲ್ಲಿ ಉಳಿದಿದ್ದ ಗಸಿಯನ್ನು ಚೆಲ್ಲಿ, “ಕತ್ಲಾಯ್ತು, ನಾಳೆ ನಿಂಗೆ ರೈಲು ಇದೆ,” ಎಂದರು.

ಆಮೇಲೆ ಅವರು ಹೊಳೆಗೆ ಬರಲಿಲ್ಲ. ಆಷಾಢದಲ್ಲಿ ಕೆಮ್ಮು ಏರಿ ತೀರಿಕೊಂಡರು.

ನಾನು ಈಗಲೂ ಹೋಗುತ್ತೇನೆ. ಈ ಚಳಿಗಾಲ ಕುಂಡೆಕುಸ್ಕ ಬಂದಿವೆ, ಬಾತು ಬಂದಿವೆ. ಉಳಿದ ನಾಲ್ಕು ಮರಗಳಲ್ಲಿ ಗೂಡಿಲ್ಲ. ಅಕ್ಕ ಕಂಡಾಗಲೆಲ್ಲ ನಿಂತು ಮಾತಾಡಿಸುತ್ತಾಳೆ, ಸತ್ತವರನ್ನು ಬೈಯುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ಹೇಳಬೇಕೆಂದು ಪ್ರತಿ ಸಲ ಬಂಡೆಯಿಂದ ಇಳಿಯುತ್ತೇನೆ.

ಅಂದು ಆ ಮರ ಬಿದ್ದದ್ದನ್ನು ಕಂಡು ಇನ್ನೂ ಬದುಕಿರುವವರು ಇವರು. ಮೈದುನ, ಅದೇ ಊರಿನಲ್ಲಿದ್ದಾನೆ. ಗರಗಸದವನು, ಹೋದ ತಿಂಗಳು ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಕಂಡ, ನನ್ನ ಗುರುತು ಹಿಡಿಯಲಿಲ್ಲ. ಕೂಲಿಯವರಿಬ್ಬರು, ಅವರ ಊರು ನನಗೆ ಗೊತ್ತಿಲ್ಲ, ಬದುಕಿದ್ದಾರೆಂದೇ ಎಣಿಸುತ್ತೇನೆ. ಅಕ್ಕ, ಈಗ ಕೂಲಿಯೊಂದೇ. ನಾಲ್ಕನ್ನು ಬರೆದದ್ದು ಯಾರೆಂದು ಕಂಡವರು ಇಬ್ಬರೇ ಇದ್ದರು. ಅವರಲ್ಲಿ ಉಳಿದಿರುವವನು ನಾನು.